ಅತ್ತಿಯ ಊರು ಎಷ್ಟು ತಾಸು ದೂರ?

ನಮ್ಮ ನೌಬಾದದ ಮಕ್ಕಳಿಗೆ ವಿಮಾನ ಹೊಸದೇನಲ್ಲ. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇದೆ. ಬೆಳಿಗ್ಗೆ ಅಂಗಳದ ಕಸ ಹೊಡೆಯುವ ಹೊತ್ತಿಗೇ ತಲೆಯ ಮೇಲೆ ಒಂದಾದ ಮೇಲೊಂದು ವಿಮಾನ ಗುಂಯ್ ಅನ್ನುತ್ತ ಹೋಗುತ್ತಿರುತ್ತವೆ. ಒಂಬತ್ತು ವಿಮಾನ ಒಟ್ಟಿಗೆ ಹಾರಿ ಆಕಾಶದಲ್ಲಿ ರಂಗೋಲಿ ಬಿಡಿಸುವ ‘ಸೂರ್ಯಕಿರಣ’ ತಂಡ 1996ರಲ್ಲಿ ಶುರುವಾದದ್ದೂ ಬೀದರಿನಲ್ಲಿಯೇ. ಆದರೆ ಹೊಲದಲ್ಲಿ ನಿಂತು ಕೈ ಹಣೆಗೆ ಹಚ್ಚಿ ವಿಮಾನ ನೋಡಿದವರು ಸಾವಿರಾರು ಮಂದಿ, ಅದರೊಳಗೆ ಕೂತವರು ಕೆಲವೇ ಮಂದಿ. 2020ರ ತನಕ ನಾವು ಕೂತು ಹೋಗುವ ವಿಮಾನ ಬೇಕೆಂದರೆ ಹೈದರಾಬಾದಿಗೇ ಹೋಗಬೇಕಿತ್ತು.

ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ ಒಂದು ದಿನ ಮಗನ ಮಗಳು ಮಾಳಿಗೆಯ ಮೇಲೆ ನಿಂತು ಹಾರುವ ವಿಮಾನ ನೋಡುತ್ತ ಕೇಳಿದಳು.

“ಮುತ್ಯಾ, ಅತ್ತಿ ಊರು ಎಷ್ಟು ದೂರ ಅದ?”

ಅವಳ ಅತ್ತಿ ಅಂದರೆ ನನ್ನ ಮಗಳು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಗಂಡ, ಮಕ್ಕಳೊಂದಿಗೆ ಇದ್ದಾಳೆ.

ಮಕ್ಕಳೇ, ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ಅಂದ ಮೇಲೆ ಎರಡು ಕಾಲಂ ಇರಲೇಬೇಕು: ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಅದಕ್ಕೇ ಒಂದು ನೋಟ್‌ಬುಕ್ ತಂದು, ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ಕಿಲೋಮೀಟರು’, ಬಲಕ್ಕೆ ‘ತಾಸು’ ಎಂದು ಬರೆದೆ. “ದೂರ ಅನ್ನೋದಕ್ಕ ಎರಡು ಅಳತಿ ಇರ್ತಾವ. ಮೊದಲು ನಮ್ಮ ಬೆಂಗಳೂರಿಂದ ಶುರು ಮಾಡೋಣು” ಅಂದೆ.

ಒಂದೇ ಗೆರೆಯ ಮೇಲಿನ ಎರಡು ಊರು

ಬೀದರ ಕರ್ನಾಟಕದ ಕಿರೀಟ ಎನ್ನುತ್ತಾರೆ. ನಕಾಶೆ ನೋಡಿದರೆ ಯಾಕೆಂದು ತಿಳಿಯುತ್ತದೆ. ರಾಜ್ಯದ ನೆತ್ತಿಯ ಮೇಲೆ ಭಾಲ್ಕಿ, ಔರಾದ, ಬೀದರ ಕೂತಿವೆ. ಬೆಂಗಳೂರು ಕೆಳಗೆ, ಪಾದದ ಹತ್ತಿರ. ಈಗ ಪಟ್ಟಿ ಇಟ್ಟು ನೋಡಿ. ಬೀದರ ಇರುವುದು 77.5 ಡಿಗ್ರಿ ರೇಖಾಂಶದ ಮೇಲೆ, ಬೆಂಗಳೂರು 77.6ರ ಮೇಲೆ. ಅಂದರೆ ಬೀದರಿನಲ್ಲಿ ನಿಂತು ನೇರ ದಕ್ಷಿಣಕ್ಕೆ ಮುಖ ಮಾಡಿದರೆ ಮೂಗಿನ ನೇರಕ್ಕೆ ಬೆಂಗಳೂರು.

ಹೀಗೆ ಎರಡು ಊರು ಒಂದರ ಕೆಳಗೆ ಒಂದು ಇದ್ದರೆ ದೂರ ಕಂಡುಹಿಡಿಯುವುದು ಬಹಳ ಸುಲಭ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಬೀದರಿನ ಅಕ್ಷಾಂಶ 17.9 ಡಿಗ್ರಿ, ಬೆಂಗಳೂರಿನದು ಸುಮಾರು 13. ಕಳೆದರೆ 4.9. ಅದನ್ನು 111ರಿಂದ ಗುಣಿಸಿ: ಸುಮಾರು 544 ಕಿ.ಮೀ. ಇದು ಹಕ್ಕಿ ಹಾರುವ ದೂರ. ದೇವನಹಳ್ಳಿಯ ವಿಮಾನ ನಿಲ್ದಾಣ ಬೆಂಗಳೂರಿನ ಉತ್ತರಕ್ಕೆ ಇರುವುದರಿಂದ ನಿಲ್ದಾಣದಿಂದ ನಿಲ್ದಾಣಕ್ಕೆ ಇನ್ನೂ ಕಡಿಮೆ, ಸುಮಾರು 525. ಬಸ್ಸು ಮಾತ್ರ ಹಕ್ಕಿಯ ಹಾಗೆ ಹೋಗಲಾರದು. ನದಿಗೆ ಸೇತುವೆ ಇದ್ದಲ್ಲಿ ದಾಟಬೇಕು, ಊರು ಇದ್ದಲ್ಲಿ ನಿಲ್ಲಬೇಕು. ಹೀಗಾಗಿ ರಸ್ತೆಯ ಲೆಕ್ಕ ಸುಮಾರು 700 ಕಿ.ಮೀ. ಆಗುತ್ತದೆ.

ಎಡಗಡೆಯ ಕಾಲಂ ತುಂಬಿತು. ಮೊಮ್ಮಗಳು ಬಲಗಡೆಗೆ ಬೆರಳಿಟ್ಟು, “ತಾಸು?” ಎಂದಳು.

ಆ ಕಾಲಂ ತುಂಬಲು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇಪ್ಪತ್ತೆರಡು ತಾಸು

1983ರಲ್ಲಿ ನಾನು ಬೆಂಗಳೂರಿನ ಒಂದು ಶಾಖೆಯಲ್ಲಿದ್ದೆ. ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಕ್ಯಾಶ್ ಮುಗಿಸಿ ಲೆಡ್ಜರ್ ಮುಂದೆ ಕೂತಿದ್ದಾಗ ತಂತಿ ಬಂತು: ಅಪ್ಪನಿಗೆ ಸೀರಿಯಸ್, ಕೂಡಲೇ ಹೊರಡು. ಈಗಿನ ಮಕ್ಕಳಿಗೆ ತಂತಿ ಗೊತ್ತಿರಲಿಕ್ಕಿಲ್ಲ. ಟೆಲಿಗ್ರಾಂ ಅದು. 2013ರ ಜುಲೈನಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಆ ಕಾಲದಲ್ಲಿ ತಂತಿ ಅಂದರೆ ಓದುವ ಮೊದಲೇ ಕೈ ನಡುಗುತ್ತಿತ್ತು.

ಮ್ಯಾನೇಜರು ರಜೆ ಚೀಟಿ ಬರೆಯುವ ತನಕವೂ ಕಾಯಿಸಲಿಲ್ಲ, “ಹೋಗ್ರೀ ಮೊದಲು” ಅಂದರು. ಬಸ್ ಸ್ಟ್ಯಾಂಡಿಗೆ ಹೋಗಿ ಗುಲ್ಬರ್ಗಾ ಬಸ್ಸು ಹಿಡಿದೆ. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ, ರಾತ್ರಿಯೆಲ್ಲ ಧೂಳು. ಬೆಳಗಿನಲ್ಲಿ ಗುಲ್ಬರ್ಗಾ ಇಳಿದು, ಅಲ್ಲಿ ಬೀದರ ಬಸ್ಸಿಗೆ ಕಾದು, ಹುಮನಾಬಾದ್ ದಾಟಿ ಬೀದರ ಮುಟ್ಟಿ, ಅಲ್ಲಿಂದ ಟಾಂಗಾ ಮಾಡಿಕೊಂಡು ನೌಬಾದದ ಮನೆಯ ಮುಂದೆ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ನಾಲ್ಕರಿಂದ ಎರಡು. ಇಪ್ಪತ್ತೆರಡು ತಾಸು.

ಅಷ್ಟರಲ್ಲಿ ಮಂದಿ ಮಣ್ಣು ಕೊಟ್ಟು ಮನೆಗೆ ಬಂದು ಕಾಲು ತೊಳೆಯುತ್ತಿದ್ದರು.

ಅಪ್ಪ ರಾತ್ರಿಯೆಲ್ಲ ಎಚ್ಚರ ಇದ್ದರಂತೆ. ತಾಸಿಗೊಮ್ಮೆ ನನ್ನ ಕಾಕಾನನ್ನು ಕೇಳುತ್ತಿದ್ದರಂತೆ: “ಈಗ ಎಲ್ಲಿ ಬಂದಿರ್ತಾನ? ರಾಯಚೂರು ಕಡಿಂದ ಬರ್ತಾನೋ, ಸೀದಾ ಬರ್ತಾನೋ? ಗುಲ್ಬರ್ಗಾ ದಾಟಿದ್ನಾ?” ಕಾಕಾನಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಸುಮ್ಮನೆ “ದಾಟಿರ್ತಾನ” ಅನ್ನುತ್ತಿದ್ದನಂತೆ.

ಆ ದಿನದಿಂದ ನನಗೆ ಒಂದು ಮಾತು ತಿಳಿಯಿತು. ಎರಡು ಊರಿನ ನಡುವಿನ ಕಿಲೋಮೀಟರು ಯಾರಿಗೂ ಒಂದೇ, ಎಂದಿಗೂ ಒಂದೇ. ಬೀದರ, ಬೆಂಗಳೂರು ಎರಡೂ ಇದ್ದಲ್ಲೇ ಇವೆ. ಬದಲಾಗುವುದು ಬಲಗಡೆಯ ಕಾಲಂ. ಮನುಷ್ಯರಿಗೆ ಬೇಕಾಗುವುದೂ ಅದೇ.

ತಾಸು ಕಡಿಮೆಯಾದ ಬಗೆ

ನೋಟ್‌ಬುಕ್ಕಿನಲ್ಲಿ ‘1983: 22 ತಾಸು’ ಎಂದು ಬರೆದೆ. ಅದರ ಕೆಳಗೆ ಬೇರೆ ಸಾಲುಗಳು ಬಂದವು.

ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೊರಟ ರೈಲು ಮೊದಲು ಪಕ್ಕದ ರಾಜ್ಯಕ್ಕೆ ಹೋಗಿ, ವಿಕಾರಾಬಾದ್ ಸುತ್ತಿ, ಮತ್ತೆ ಕರ್ನಾಟಕಕ್ಕೆ ಬರಬೇಕಿತ್ತು. ಬೀದರ–ಕಲಬುರಗಿ ನಡುವೆ ಸುಮಾರು 110 ಕಿ.ಮೀ. ರೈಲು ಮಾರ್ಗಕ್ಕಾಗಿ ನಮ್ಮ ಮಂದಿ ಎರಡು ದಶಕ ಕಾದರು. ಅದು ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಈಗ ರಾತ್ರಿ ಊಟ ಮಾಡಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಹದಿಮೂರು ತಾಸಿನ ಆಸುಪಾಸು.

ಆಮೇಲೆ ವಿಮಾನ. ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಕಟ್ಟುವಾಗ, ಅದರ ಸುತ್ತ 150 ಕಿ.ಮೀ. ಒಳಗೆ ಬೇರೆ ನಿಲ್ದಾಣ ಬೇಡ ಎಂಬ ಒಪ್ಪಂದ ಆಗಿತ್ತು. ಬೀದರ ಆ ವೃತ್ತದೊಳಗೇ ಬಿತ್ತು. ಶಂಷಾಬಾದ್‌ನಿಂದ ನಾವು ನೇರ ಗೆರೆಯಲ್ಲಿ ಸುಮಾರು 125 ಕಿ.ಮೀ. ಅಷ್ಟೇ. ಕಡೆಗೂ ಅನುಮತಿ ಸಿಕ್ಕು, 2020ರ ಫೆಬ್ರುವರಿ 7ರಂದು ಬೀದರಿನಿಂದ ಬೆಂಗಳೂರಿಗೆ ಮೊದಲ ಪ್ರಯಾಣಿಕರ ವಿಮಾನ ಹಾರಿತು. ರೆಕ್ಕೆಗೆ ಫ್ಯಾನು ಇದ್ದ ಚಿಕ್ಕ ವಿಮಾನ. ಮುಂದಿನ ತಿಂಗಳೇ ಕೊರೊನಾ ಬಂತು. ಸೇವೆ ನಿಲ್ಲುವುದು, ಶುರುವಾಗುವುದು ನಡೆಯುತ್ತ ಬಂತು. 2022ರ ಜೂನ್‌ನಲ್ಲಿ ಬೇರೆ ಕಂಪನಿಯ ವಿಮಾನ ಬಂತು. 2023ರ ಡಿಸೆಂಬರ್‌ನಲ್ಲಿ ಅದೂ ನಿಂತಿತು. ಈ ಡಿಸೆಂಬರ್ ತಿಂಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

“ವಿಮಾನಕ್ಕ ಎಷ್ಟು ತಾಸು ಮುತ್ಯಾ?”

“ಒಂದೂಕಾಲು ತಾಸು.”

ಅವಳು ಬರೆಯಹೋದಳು. ನಾನು ಕೈ ಹಿಡಿದೆ. “ನಿಲ್ಲು. ವಿಮಾನ ನಮ್ಮ ಮನಿ ಬಾಗಿಲಿಗೆ ಬರೂದಿಲ್ಲ. ನೌಬಾದದಿಂದ ನಿಲ್ದಾಣಕ್ಕ ಅರ್ಧ ತಾಸು. ಅಲ್ಲಿ ಒಂದೂವರೆ ತಾಸು ಮೊದಲು ಹೋಗಿ ಕೂಡಬೇಕು. ಹಾರೂದು ಒಂದೂಕಾಲು ತಾಸು. ಇಳಿದು ಚೀಲ ತಗೊಳ್ಳಾಕ ಅರ್ಧ ತಾಸು. ದೇವನಹಳ್ಳಿಯಿಂದ ಬೆಂಗಳೂರಿನ ಮನಿಗೆ ಒಂದೂಮುಕ್ಕಾಲು ತಾಸು. ಈಗ ಕೂಡಿಸು.”

ಕೂಡಿಸಿದಳು. ಐದೂವರೆ ತಾಸು! ಟಿಕೆಟಿನ ಮೇಲೆ ಬರೆದ ಹೊತ್ತು ಬೇರೆ, ಬಾಗಿಲಿನಿಂದ ಬಾಗಿಲಿಗೆ ಆಗುವ ಹೊತ್ತು ಬೇರೆ.

ದಾರ ಹೇಳುವ ದಾರಿ

ಇನ್ನು ಅತ್ತಿಯ ಊರು. ಇಲ್ಲಿ ಪಟ್ಟಿ ಇಟ್ಟರೆ ನಡೆಯುವುದಿಲ್ಲ. ಗೋಡೆಯ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಗೆರೆ ಎಳೆದರೆ ಸಮುದ್ರದ ಮೇಲೆ ಎಲ್ಲೋ ಹೋಗುತ್ತದೆ. ಆದರೆ ಭೂಮಿ ಚಪಾತಿಯಲ್ಲ, ಮೋಸಂಬಿ. ಹೀಗಾಗಿ ಅವಳ ಗ್ಲೋಬ್ ತಂದು, ಹೊಲಿಗೆಯ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆದೆವು. ದಾರ ತಾನಾಗಿಯೇ ಉತ್ತರಕ್ಕೆ ಸರಿಯಿತು! ಹಿಮಾಲಯ, ಚೀನಾ, ಮಂಗೋಲಿಯಾ, ಸೈಬೀರಿಯಾದ ಈಶಾನ್ಯ ಮೂಲೆ, ಅಲಾಸ್ಕಾ, ಅಲ್ಲಿಂದ ಇಳಿದು ಸ್ಯಾನ್ ಫ್ರಾನ್ಸಿಸ್ಕೋ. ಗುಂಡನೆಯ ವಸ್ತುವಿನ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಬಿಗಿದ ದಾರವೇ ತೋರಿಸುತ್ತದೆ. ಇದಕ್ಕೆ ಮಹಾವೃತ್ತದ ದಾರಿ ಎಂದು ಹೆಸರು.

ಆ ದಾರದ ಉದ್ದ 13,993 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಎಲ್ಲಿಯೂ ನಿಲ್ಲದ ವಿಮಾನ ಶುರು ಮಾಡಿತು. ಮೊದಲ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದವರು ನಾಲ್ವರು ಮಹಿಳಾ ಪೈಲಟ್‌ಗಳು: ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು. ಜನವರಿ 9ರ ರಾತ್ರಿ ಅಲ್ಲಿ ಹೊರಟವರು ಉತ್ತರ ಧ್ರುವದ ಮೇಲಿಂದ ಹಾದು 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದರು. ಅವರು ಕ್ರಮಿಸಿದ್ದು ಸುಮಾರು 16,000 ಕಿ.ಮೀ. ಎಂದು ಆಗ ಪತ್ರಿಕೆಗಳು ಬರೆದವು. ದಾರಕ್ಕಿಂತ ವಿಮಾನದ ದಾರಿ ಯಾಕೆ ಉದ್ದ? ಗಾಳಿ, ಹವಾಮಾನ, ಎತ್ತರದ ಪರ್ವತ, ಯಾವ ದೇಶದ ಆಕಾಶದಲ್ಲಿ ಅನುಮತಿ ಇದೆ, ಕೆಟ್ಟರೆ ಇಳಿಯಲು ಹತ್ತಿರದಲ್ಲಿ ನಿಲ್ದಾಣ ಇದೆಯೇ, ಇವನ್ನೆಲ್ಲ ನೋಡಿ ಪೈಲಟ್ ದಾರಿ ಆರಿಸಬೇಕು. ಹೊತ್ತು ಸುಮಾರು 17 ತಾಸು.

“ಭೂಮಿ ತಿರುಗ್ತದಲ್ಲ ಮುತ್ಯಾ, ವಿಮಾನ ಮ್ಯಾಲ ಸುಮ್ಮನ ನಿಂತರ ಊರೇ ಕೆಳಗ ಬರಬೇಕಲ್ಲ?” ಎಂದು ಕೇಳಿದಳು. ನೀವೂ ಕೇಳಬಹುದು. ಬರುವುದಿಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತದೆ. ಓಡುವ ರೈಲಿನೊಳಗೆ ಮೇಲಕ್ಕೆ ಜಿಗಿದರೆ ಇದ್ದಲ್ಲೇ ಬೀಳುತ್ತೀರಲ್ಲ, ಹಾಗೆ. ಆದರೆ ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿಯ ಹೊಳೆಗಳಿವೆ. ಅವಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಆ ಹೊಳೆಯ ಗುಂಟ ಹೋದರೆ ಬೇಗ, ಎದುರಿಗೆ ಹೋದರೆ ತಡ. ಅದೇ ಎರಡು ಊರಿನ ನಡುವೆ ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಆಗುವುದು ಹೀಗೆ.

ಆ ರಜೆಯಲ್ಲಿ ನಮ್ಮ ನೋಟ್‌ಬುಕ್ ಇಷ್ಟಕ್ಕೆ ನಿಂತಿತು. ಅದು ಆಟದ ಲೆಕ್ಕ. ನಿಜವಾದ ಲೆಕ್ಕ ಜನವರಿಯಲ್ಲಿ ಬಂತು.

ಯಾವ ದಾರಿ?

2024ರಲ್ಲಿ ಎಳ್ಳ ಅಮಾಸಿ ಜನವರಿ 11ಕ್ಕೆ ಬಂದಿತ್ತು. ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ ಉಂಡು ಬಂದು ಹತ್ತು ದಿನವೂ ಆಗಿರಲಿಲ್ಲ. ಶನಿವಾರ ಸಂಜೆ ನನ್ನ ಹೆಂಡತಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರರು ಎಕ್ಸರೇ ನೋಡಿ, “ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಇವರಿಗೆ ಸಕ್ಕರೆ ಕಾಯಿಲೆ, ವಯಸ್ಸೂ ಆಗಿದೆ. ಹೆಚ್ಚು ದಿನ ಮುಂದಕ್ಕೆ ಹಾಕೋದು ಬೇಡ” ಅಂದರು.

ನನ್ನ ಹೆಂಡತಿ ಹೆದರುವ ಹೆಣ್ಣಲ್ಲ. ಆದರೆ ಆ ರಾತ್ರಿ ಒಂದೇ ಮಾತು ಹೇಳಿದಳು: “ಒಳಗ ಹೋಗೂ ಮೊದಲು ಆಕಿ ಮುಖ ಒಮ್ಮೆ ನೋಡಬೇಕ್ರಿ.”

ಮಗಳಿಗೆ ಫೋನ್ ಮಾಡಿದೆವು. ಅವಳು ನೇರ ವಿಮಾನ ನೋಡಿದಳು. ಅದು ದಿನಾಲೂ ಇರುವ ವಿಮಾನವಲ್ಲ, ಅವಳಿಗೆ ಬೇಕಾದ ದಿನ ಇರಲಿಲ್ಲ. ದುಬೈ ಮೇಲಿಂದ ಹೈದರಾಬಾದಿಗೆ ಬರುವುದೋ, ಒಂದು ದಿನ ಕಾದು ನೇರ ಬೆಂಗಳೂರಿಗೆ ಬರುವುದೋ ಎಂದು ಅವಳು ಅಲ್ಲಿ, ಮಗ ಇಲ್ಲಿ ಚರ್ಚೆ ಮಾಡುತ್ತಿದ್ದರು. ಮೊಮ್ಮಗಳು ಸದ್ದಿಲ್ಲದೆ ನೋಟ್‌ಬುಕ್ ತಂದು ಹಾಳೆಗೆ ಗೆರೆ ಎಳೆದಳು. ನಾನು ಹೇಳಿದ ಅಂಕಿ ಅವಳು ಬರೆದಳು.

ಮೊದಲ ದಾರಿ, ಬೆಂಗಳೂರಿನ ಮೇಲಿಂದ: ನೇರ ವಿಮಾನ 13,993 ಕಿ.ಮೀ., ರಸ್ತೆ 700. ಒಟ್ಟು ಸುಮಾರು 14,700 ಕಿ.ಮೀ. ಮನೆಯಿಂದ ಹೊರಟು ವಿಮಾನ ಏರುವ ತನಕ 4 ತಾಸು, ವಿಮಾನ 17, ಇಳಿದು ಹೊರಗೆ ಬರಲು ಒಂದೂವರೆ, ಕಾರು 12. ಒಟ್ಟು ಮೂವತ್ತನಾಲ್ಕೂವರೆ ತಾಸು. ಬಸ್ಸು, ರೈಲಿಗೆ ಕಾದರೆ ಇನ್ನೂ ಹೆಚ್ಚು.

ಎರಡನೆಯ ದಾರಿ, ದುಬೈ ಮೇಲಿಂದ: ದುಬೈ ತನಕ ಸುಮಾರು 13,040 ಕಿ.ಮೀ., ಅಲ್ಲಿಂದ ಹೈದರಾಬಾದಿಗೆ ಸುಮಾರು 2,550, ಅಲ್ಲಿಂದ ಬೀದರಿಗೆ ರಸ್ತೆ ಸುಮಾರು 150. ಒಟ್ಟು ಸುಮಾರು 15,740 ಕಿ.ಮೀ. ಮನೆಯಿಂದ ಹೊರಟು ವಿಮಾನ ಏರುವ ತನಕ 4 ತಾಸು, ದುಬೈಗೆ ಹದಿನೈದೂಮುಕ್ಕಾಲು, ಅಲ್ಲಿ ಕಾಯುವುದು ಎರಡೂವರೆ, ಹೈದರಾಬಾದಿಗೆ ಮೂರೂವರೆ ಅಂತ ಹಿಡಿದೆವು, ಹೊರಗೆ ಬರಲು ಒಂದು, ಕಾರು ಮೂರುಕಾಲರಿಂದ ಮೂರೂವರೆ. ಒಟ್ಟು ಮೂವತ್ತು ತಾಸು.

“ಮುತ್ಯಾ, ಸಾವಿರ ಕಿಲೋಮೀಟರು ಜಾಸ್ತಿ ಅದ. ಆದ್ರ ನಾಲ್ಕೂವರೆ ತಾಸು ಕಡಿಮಿ ಅದ!”

ಹೌದು. ಹದಿನಾಲ್ಕು ಸಾವಿರ ಕಿ.ಮೀ. ಹಾರಲು ಹದಿನೇಳು ತಾಸು ಸಾಕು, ಆದರೆ ಕೊನೆಯ ಏಳುನೂರಕ್ಕೆ ಹನ್ನೆರಡು ತಾಸು ಬೇಕು. ಬೀದರ ವಿಮಾನ ಹಾರುತ್ತಿದ್ದಿದ್ದರೆ ಮೊದಲ ದಾರಿಯೂ ಇಪ್ಪತ್ತೇಳು ಇಪ್ಪತ್ತೆಂಟು ತಾಸಿನಲ್ಲಿ ಮುಗಿಯುತ್ತಿತ್ತು. ಅದು ನಿಂತು ಒಂದು ತಿಂಗಳಾಗಿತ್ತಷ್ಟೇ.

ಮಗಳು ದುಬೈ ದಾರಿಯ ಟಿಕೆಟ್ ತೆಗೆದಳು.

ಆಸ್ಪತ್ರೆಯ ರಾತ್ರಿ

ಅವಳ ವಿಮಾನ ಹೊರಟದ್ದು ಅಲ್ಲಿಯ ರವಿವಾರ ಸಂಜೆ 4 ಗಂಟೆಗೆ. ಆಗ ನಮ್ಮಲ್ಲಿ ಸೋಮವಾರ ನಸುಕಿನ ಐದೂವರೆ. ಭೂಮಿ 24 ತಾಸಿಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ತಾಸಿಗೆ 15 ಡಿಗ್ರಿ. ಅದಕ್ಕೇ ರೇಖಾಂಶ ಬದಲಾದಂತೆ ಗಡಿಯಾರ ಬದಲಾಗುತ್ತದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ತಾಸು ಮುಂದೆ ಇಡುವುದರಿಂದ ಹನ್ನೆರಡೂವರೆ ತಾಸು. ‘ರವಿವಾರ ಸಂಜೆ ಹೊರಟು ಮಂಗಳವಾರ ನಸುಕಿಗೆ ಇಳಿಯುತ್ತಾಳೆ’ ಎಂದು ಕೇಳಿ ನನ್ನ ಹೆಂಡತಿ “ಎರಡು ದಿನ ಬೇಕೇನು?” ಎಂದು ಗಾಬರಿಯಾಗಿದ್ದಳು. ನಡುವಿನ ಹದಿಮೂರೂವರೆ ತಾಸು ಬರೀ ಗಡಿಯಾರದ್ದು, ಪ್ರಯಾಣದ್ದಲ್ಲ ಎಂದು ಮೊಮ್ಮಗಳು ಬಿಡಿಸಿ ಹೇಳಿದಳು.

ಸೋಮವಾರ ರಾತ್ರಿ ಆಸ್ಪತ್ರೆಯಲ್ಲಿ ನಾನಿದ್ದೆ. ಮೊಮ್ಮಗಳು ಮನೆಗೆ ಹೋಗಲು ಒಪ್ಪಲೇ ಇಲ್ಲ. ಮಗ ಕಾರು ತೆಗೆದುಕೊಂಡು ಹೈದರಾಬಾದಿಗೆ ಹೋಗಿದ್ದ. ಹೆಂಡತಿಗೆ ನಿದ್ದೆ ಇಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಕೇಳುವಳು: “ಎಲ್ಲಿ ಬಂದಿರ್ತಾಳ?”

ನಾನು ಒಮ್ಮೆ ನಡುಗಿದೆ. ನಲವತ್ತು ವರ್ಷದ ಹಿಂದೆ ಅಪ್ಪ ಕೇಳಿದ್ದೂ ಇದೇ ಮಾತು.

ಮೊಮ್ಮಗಳು ಫೋನು ತೆರೆದು ತೋರಿಸಿದಳು. ನಕಾಶೆಯ ಮೇಲೆ ಒಂದು ಚಿಕ್ಕ ವಿಮಾನದ ಚಿತ್ರ. ಬೆಳಿಗ್ಗೆ ಅದು ಕೆನಡಾದ ಮೇಲೆ ಇದ್ದದ್ದನ್ನು ಅವಳು ನೋಡಿದ್ದಳು. ಗ್ಲೋಬಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ದಾರ ಎಳೆದು ನೋಡಿ, ಅದು ಉತ್ತರ ಧ್ರುವವನ್ನು ಬಹುತೇಕ ತಾಗಿಯೇ ಹೋಗುತ್ತದೆ. ಯಾಕೆಂದರೆ ಒಂದು ಊರು ಪಶ್ಚಿಮ ರೇಖಾಂಶ 122ರಲ್ಲಿ, ಇನ್ನೊಂದು ಪೂರ್ವ 55ರಲ್ಲಿ. ಕೂಡಿಸಿದರೆ 177. ಅಂದರೆ ಭೂಮಿಯ ಆ ಬದಿಗೆ ಒಂದು, ಈ ಬದಿಗೆ ಒಂದು. “ಆಯೀ, ಈಗ ದುಬೈ ಬಿಟ್ಟಾಳ ನೋಡು. ಈಗ ಸಮುದ್ರದ ಮ್ಯಾಲ ಅದಾಳ.” ನನ್ನ ಹೆಂಡತಿ ಕನ್ನಡಕ ಇಲ್ಲದೆ ಆ ಚುಕ್ಕೆಯನ್ನು ನೋಡಿದಳು. ಕಂಡಿತೋ ಇಲ್ಲವೋ, “ಹ್ಞೂಂ” ಎಂದು ಕಣ್ಣು ಮುಚ್ಚಿದಳು.

ನಿದ್ದೆ ಬಾರದ ಮೊಮ್ಮಗಳಿಗೆ ನಾನು ಅಫನಾಸಿ ನಿಕಿತಿನ್ ಕಥೆ ಹೇಳಿದೆ. ಅವನು ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ. 1460ರ ದಶಕದಲ್ಲಿ ಮನೆ ಬಿಟ್ಟು ವೋಲ್ಗಾ ನದಿಯಲ್ಲಿ ದೋಣಿ ಹತ್ತಿದ. ದಾರಿಯಲ್ಲಿ ದರೋಡೆಯಾಯಿತು. ಕ್ಯಾಸ್ಪಿಯನ್ ಸಮುದ್ರ ದಾಟಿ, ಪರ್ಷಿಯಾ ದಾಟಿ, ಹೊರ್ಮುಜ್‌ನಲ್ಲಿ ಹಡಗು ಹತ್ತಿ ಮಹಾರಾಷ್ಟ್ರದ ಚೌಲ್ ಬಂದರಿನಲ್ಲಿ ಇಳಿದ. ಮಾರಾಟಕ್ಕೆಂದು ಒಂದು ಕುದುರೆ ತಂದಿದ್ದ. ಅದನ್ನು ನಡೆಸಿಕೊಂಡು ಜುನ್ನರ ಮೇಲಿಂದ ಬಹಮನಿ ರಾಜಧಾನಿಗೆ ಬಂದ. ಆ ರಾಜಧಾನಿಯೇ ನಮ್ಮ ಬೀದರ. ಮಹಮೂದ್ ಗವಾನ್ ವಜೀರನಾಗಿದ್ದ ಕಾಲ. ನೀವು ಶಾಲೆಯಿಂದ ನೋಡಲು ಹೋಗುವ ಮದರಸಾ 1472ರಲ್ಲಿ ಕಟ್ಟಿದ್ದು. ನಿಕಿತಿನ್ ಕುದುರೆಯನ್ನು ಇಲ್ಲಿಯೇ ಮಾರಿದ, ಇಲ್ಲಿಯ ಜನ, ಸಂತೆ, ಅರಮನೆ ಎಲ್ಲ ನೋಡಿ ಬರೆದಿಟ್ಟ.

ತ್ವೇರ್‌ನಿಂದ ಬೀದರಿಗೆ ದಾರ ಎಳೆದರೆ ಸುಮಾರು 5,500 ಕಿ.ಮೀ. ಅತ್ತಿಯ ಊರಿನ ಅರ್ಧವೂ ಇಲ್ಲ. ಅವನಿಗೆ ಬೇಕಾದದ್ದು ತಾಸಲ್ಲ, ವರ್ಷಗಳು.

“ವಾಪಸ್ ಮನಿಗೆ ಹೋದ್ನಾ?” ಎಂದು ಕೇಳಿದಳು.

ಹೋಗಲಿಲ್ಲ. ಹಡಗು ಹತ್ತಿ, ಕಪ್ಪು ಸಮುದ್ರ ದಾಟಿ ಸ್ಮೊಲೆನ್‌ಸ್ಕ್ ಹತ್ತಿರದ ತನಕ ಹೋಗಿ, ತನ್ನ ಊರು ಸೇರುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಅವನ ಬರಹ ಮಾತ್ರ ಉಳಿಯಿತು. ‘ಮೂರು ಸಮುದ್ರಗಳಾಚೆಯ ಯಾತ್ರೆ’ ಎಂದು ಅದಕ್ಕೆ ಹೆಸರು. ಈ ಕೊನೆಯನ್ನು ಆ ರಾತ್ರಿ ನಾನು ಹೇಳಲಿಲ್ಲ. “ಮುಂದಿನದು ನಾಳೆ” ಅಂದೆ. ಒಂದು ವಾರದ ಮೇಲೆ, ಎಲ್ಲ ಸರಿಹೋದ ಮೇಲೆ ಹೇಳಿದೆ.

ನಸುಕಿನ ಮೂರಕ್ಕೆ ವಿಮಾನ ಹೈದರಾಬಾದಿನಲ್ಲಿ ಇಳಿಯಿತು. ನಾಲ್ಕಕ್ಕೆ ಕಾರು ಹೊರಟಿತು. ಜಹೀರಾಬಾದ್ ಹತ್ತಿರ ಮಂಜು ಇತ್ತು, ಮಗ ನಿಧಾನ ಹೊಡೆದ. ಏಳೂ ಇಪ್ಪತ್ತಕ್ಕೆ ಮಗಳು ವಾರ್ಡಿನೊಳಗೆ ಬಂದಳು. ಕೂದಲು ಕೆದರಿತ್ತು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಚಪ್ಪಲಿ. ಅವ್ವ ಮಗಳು ಏನೂ ಮಾತಾಡಲಿಲ್ಲ. ನನ್ನ ಹೆಂಡತಿ ಅವಳ ಮುಖ ಸವರಿ, “ಏನರ ಉಂಡಿ?” ಎಂದು ಕೇಳಿದಳು. ಎಂಟಕ್ಕೆ ನರ್ಸಮ್ಮ ಗಾಲಿ ಮಂಚ ತಂದರು.

ಆಪರೇಷನ್ ಚೆನ್ನಾಗಿ ಆಯಿತು. ಯುಗಾದಿಯ ಹೊತ್ತಿಗೆ ನನ್ನ ಹೆಂಡತಿ ಕೋಲು ಹಿಡಿದು ಅಂಗಳದಲ್ಲಿ ನಡೆದಾಡುತ್ತಿದ್ದಳು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸೇರಿಸಿದ್ದಳು: ‘ಅತ್ತಿ ಊರು: 15,740 ಕಿ.ಮೀ., 30 ತಾಸು. 40 ನಿಮಿಷ ಮೊದಲು ಬಂದಳು.’

ಕಿಟಕಿಯ ಸೀಟು

2025ರ ಏಪ್ರಿಲ್‌ನಲ್ಲಿ ಬೀದರ–ಬೆಂಗಳೂರು ವಿಮಾನ ಮತ್ತೆ ಶುರುವಾಯಿತು. ಮೇ ತಿಂಗಳಲ್ಲಿ ಒಂದು ಮದುವೆಗೆ ನಾನೂ ನನ್ನ ಹೆಂಡತಿಯೂ ಅದರಲ್ಲಿ ಹೋದೆವು. ಅವಳಿಗೆ ಅದೇ ಮೊದಲ ವಿಮಾನ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಬೆಂಗಳೂರಿನ ಪ್ರಯಾಣ ಅಂದರೆ ಬುತ್ತಿ ಬೇಕೇ ಬೇಕಲ್ಲ! ಕಿಟಕಿಯ ಸೀಟು ಅವಳಿಗೇ ಕೊಟ್ಟೆ. ಕೆಳಗೆ ನಮ್ಮ ಕೆಂಪು ಮಣ್ಣು ಸರಿದು ಹೋಯಿತು. ಬುತ್ತಿ ಬಿಚ್ಚುವ ಮೊದಲೇ ವಿಮಾನ ಇಳಿಯತೊಡಗಿತು.

“ಇಷ್ಟೇ ಏನ್ರಿ?” ಎಂದಳು.

ನನಗೆ 1983ರ ಬಸ್ಸಿನ ಕಿಟಕಿ ನೆನಪಾಯಿತು. ಅದೇ ಊರಿನಿಂದ ಅದೇ ಊರಿಗೆ. “ಇಷ್ಟೇ” ಅಂದೆ.

ಈಗ ನಿಮ್ಮ ಸರದಿ. ಮಕ್ಕಳೇ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ನಡುವೆ ಗೆರೆ ಎಳೆಯಿರಿ. ನಿಮ್ಮ ಮನೆಯ ಮುತ್ಯಾ, ಆಯಿಯನ್ನು ಕೂರಿಸಿಕೊಂಡು ಅವರು ಜೀವನದಲ್ಲಿ ಮಾಡಿದ ಅತಿ ಉದ್ದದ ಪ್ರಯಾಣ ಯಾವುದು, ಎಷ್ಟು ತಾಸು ಆಯಿತು, ಯಾರಿಗಾಗಿ ಹೋದರು ಎಂದು ಕೇಳಿ ಬರೆಯಿರಿ. ಈಗ ಅದೇ ಊರಿಗೆ ಹೋಗಲು ಎಷ್ಟು ಹೊತ್ತು ಬೇಕು ಎಂದು ಪಕ್ಕದಲ್ಲಿ ಬರೆಯಿರಿ. ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕುವುದನ್ನು ಮರೆಯಬೇಡಿ. ಹಿರಿಯರೇ, ಮಕ್ಕಳು ಕೇಳಿದಾಗ ‘ಈಗ ಯಾಕ, ಆಮ್ಯಾಲ ಹೇಳ್ತೀನಿ’ ಅನ್ನಬೇಡಿ.

ಒಂದು ಸಣ್ಣ ಲೆಕ್ಕ: ರೈಲೊಂದು ಬೀದರಿನಿಂದ ಸಂಜೆ 6 ಗಂಟೆಗೆ ಹೊರಟು, 700 ಕಿ.ಮೀ. ಓಡಿ, ಮರುದಿನ ಬೆಳಿಗ್ಗೆ ಏಳೂವರೆಗೆ ಬೆಂಗಳೂರು ಸೇರಿತು ಎಂದು ಇಟ್ಟುಕೊಳ್ಳಿ. ಅದರ ಸರಾಸರಿ ವೇಗ ಎಷ್ಟು?

(ಉತ್ತರ: 700 ಭಾಗಿಸು ಹದಿಮೂರೂವರೆ, ತಾಸಿಗೆ ಸುಮಾರು 52 ಕಿ.ಮೀ.)